ನರಕದ ಪಟ ಅಲುಗಾಡಿದ ಕಥೆ

ಸಂಜೆ ಹೊತ್ತಿನ ಮೆಟ್ರೊ. ಬೆಂಗಳೂರಿನ ಜಯನಗರದಲ್ಲಿ ಹತ್ತಿದ ಹೆಂಗಸೊಬ್ಬರು ಕೈಚೀಲವನ್ನು ಕಾಲ ಬಳಿ ಇಟ್ಟು ಮೊಬೈಲ್ ತೆಗೆದರು. ಪರದೆಯ ತುಂಬ ಕಡುಕೆಂಪು ಆಕಾಶ, ಕುದಿಯುವ ಕೊಪ್ಪರಿಗೆ, ಕೋಣದ ಮೇಲೆ ಸಿನಿಮಾ ಹೀರೊ ಥರದ ಮೈಕಟ್ಟಿನ ಯಮ. ಕೊಪ್ಪರಿಗೆಯಿಂದ ಮೇಲೆದ್ದ ಕೈಗಳು ಹಾವುಗಳಾದವು, ಹಾವುಗಳು ಮುಳ್ಳಿನ ಮರವಾದವು. ಗಂಡನಿಗೆ ಎದುರು ಮಾತಾಡಿದ ಹೆಣ್ಣಿಗೆ ಇದೇ ಗತಿ ಎಂದು ಒಂದು ಗಡಸು ದನಿ ಹೇಳುತ್ತಿತ್ತು. ಬನಶಂಕರಿ ನಿಲ್ದಾಣ ಬರುವಷ್ಟರಲ್ಲಿ ಅವರು ಅದನ್ನು ಎರಡು ಸಲ ನೋಡಿದರು. ಆಮೇಲೆ ಯಾರಿಗೋ ಕಳಿಸಿದರು.

ಇಂಥ ವಿಡಿಯೊ ನಿಮ್ಮೂರಿನ ವಾಟ್ಸ್ಆ್ಯಪ್ ಗುಂಪಿಗೂ ಬಂದಿರುತ್ತದೆ. ಮೊದಲು ಜಾತ್ರೆಯ ಪಟದಂಗಡಿಯಲ್ಲಿ ದೇವರ ಪಟಗಳ ಪಕ್ಕ ನೇತಾಡುತ್ತಿದ್ದ ನರಕದ ಚಿತ್ರ ಈಗ ಅಂಗೈಯಲ್ಲಿ ಅಲುಗಾಡುತ್ತಿದೆ. ನೋಡಿದರೆ ಹೊಸ ಕಾಲದ ವಿಚಿತ್ರ ಅನಿಸುತ್ತದೆ. ಆದರೆ ನರಕವನ್ನು ಬಣ್ಣದಲ್ಲಿ ಬರೆದು ಜನರ ಮುಂದೆ ತೋರಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸ ತಿಳಿದರೆ ಈ ವಿಡಿಯೊದಲ್ಲಿ ಏನು ಇಲ್ಲ ಎಂಬುದೂ ಗೊತ್ತಾಗುತ್ತದೆ.

ಬೀದಿಗೆ ಬಂದ ಯಮ

7ನೇ ಶತಮಾನದ ಬಾಣಭಟ್ಟ ‘ಹರ್ಷಚರಿತ’ದಲ್ಲಿ ಒಂದು ಪೇಟೆಬೀದಿಯ ನೋಟ ಕೊಟ್ಟಿದ್ದಾನೆ. ತಂದೆಗೆ ಕಾಯಿಲೆ ಎಂದು ತಿಳಿದು ರಾಜಕುಮಾರ ಹರ್ಷ ಓಡೋಡಿ ಊರಿಗೆ ಬರುತ್ತಾನೆ. ದಾರಿಯಲ್ಲಿ ಒಬ್ಬ ಮನುಷ್ಯ ಕೋಲಿಗೆ ಬಟ್ಟೆಯ ಪಟ ಕಟ್ಟಿ ಎಡಗೈಯಲ್ಲಿ ಹಿಡಿದು ನಿಂತಿದ್ದಾನೆ. ಪಟದಲ್ಲಿ ಕೋಣವೇರಿದ ಯಮ. ಬಲಗೈಯ ಕಡ್ಡಿಯಿಂದ ಒಂದೊಂದೇ ಚಿತ್ರ ತೋರಿಸುತ್ತ ಸತ್ತ ಮೇಲಿನ ಲೋಕದ ಕಥೆ ಹೇಳುತ್ತಿದ್ದಾನೆ. ಸುತ್ತ ಮಕ್ಕಳ ಗುಂಪು. ಇಂಥವರಿಗೆ ಯಮಪಟ್ಟಿಕ ಎಂದು ಹೆಸರು. ಅವರ ಕೈಲಿರುವುದು ಯಮಪಟ.

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನ ಗೂಢಚಾರ ಹಾಕುವ ವೇಷವೂ ಇದೇ. ಯಮಪಟ ಹಿಡಿದು ಮನೆಮನೆ ತಿರುಗುತ್ತ ಅವನು ವರ್ತಕ ಚಂದನದಾಸನ ಮನೆ ಹೊಕ್ಕು, ಅಮಾತ್ಯ ರಾಕ್ಷಸನ ಮುದ್ರೆಯುಂಗುರವನ್ನು ಸಂಪಾದಿಸಿಕೊಂಡು ಬರುತ್ತಾನೆ. ಇಡೀ ನಾಟಕ ತಿರುಗುವುದು ಆ ಉಂಗುರದ ಮೇಲೆ. ಈ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಎಂಬ ಹೆಸರಿನಲ್ಲಿ ಕನ್ನಡ ಗದ್ಯಕ್ಕೆ ತಂದ. ಗೂಢಚಾರನಿಗೆ ಈ ವೇಷವೇ ಏಕೆ ಬೇಕಾಯಿತು ಎಂದು ಯೋಚಿಸಿ. ನರಕದ ಪಟ ಹಿಡಿದು ಬಂದವನನ್ನು ಯಾರೂ ಬಾಗಿಲಲ್ಲೇ ತಡೆಯುತ್ತಿರಲಿಲ್ಲ. ಭಯಕ್ಕೂ ಕುತೂಹಲಕ್ಕೂ ಎಲ್ಲ ಮನೆಯ ಬಾಗಿಲೂ ತೆರೆಯುತ್ತದೆ.

ಈ ಪಟದವರೆಲ್ಲ ಸಾಧುಗಳೇನೂ ಆಗಿರಲಿಲ್ಲ. ಸಂತಾಲರ ನಡುವೆ ತಿರುಗುತ್ತಿದ್ದ ಜಾದೂಪಟುವರು ಸಾವಾದ ಮನೆಗೆ ಹೋಗಿ, ತೀರಿಕೊಂಡವರದೆಂದು ಒಂದು ಚಿತ್ರ ತೋರಿಸುತ್ತಿದ್ದರು. ಚಿತ್ರದ ಕಣ್ಣಿಗೆ ಪಾಪೆ ಇರುತ್ತಿರಲಿಲ್ಲ. ಸತ್ತವರು ದಾರಿ ಕಾಣದೆ ಅಲೆಯುತ್ತಿದ್ದಾರೆ ಎಂದು ಹೇಳಿ, ಮನೆಯವರು ದಾನ ಕೊಟ್ಟ ಮೇಲೆ ಪಾಪೆ ಬರೆಯುತ್ತಿದ್ದರು. ದುಃಖದ ಮನೆಯಲ್ಲಿ ದುಡಿಮೆ ಮಾಡುವ ಉಪಾಯ ಹಳೆಯದೇ.

ನರಕದಲ್ಲಿ ನಮ್ಮೂರ ಗಾಣ

ಈಗ ಪಟದೊಳಗೆ ಏನಿತ್ತು ನೋಡೋಣ. ಸಾವಾದ ಮನೆಯಲ್ಲಿ ಗರುಡ ಪುರಾಣ ಓದಿಸುವುದು, ವೈತರಣಿ ನದಿ ದಾಟಲೆಂದು ಗೋದಾನ ಮಾಡಿಸುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಭಾಗವತ ಪುರಾಣದ 5ನೇ ಸ್ಕಂಧದ ಕೊನೆಯ ಅಧ್ಯಾಯದಲ್ಲಿ 28 ನರಕಗಳ ಪಟ್ಟಿಯೇ ಇದೆ. ಅದನ್ನು ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿನ ಹಲವು ಶಿಕ್ಷೆಗಳು ಹಳ್ಳಿಯ ಕಸುಬುಗಳು.

ಸೂಕರಮುಖ ಎಂಬ ನರಕದಲ್ಲಿ ಪಾಪಿಯನ್ನು ಕಬ್ಬು ಅರೆದಂತೆ ಅರೆಯುತ್ತಾರೆ. ಕುಂಭೀಪಾಕದಲ್ಲಿ ಕಾದ ಎಣ್ಣೆಯಲ್ಲಿ ಬೇಯಿಸುತ್ತಾರೆ. ಸೂಚೀಮುಖದಲ್ಲಿ ಯಮನ ಆಳುಗಳು ನೇಕಾರರಂತೆ ಮೈಗೆ ದಾರ ಹಾಕಿ ಹೊಲಿಯುತ್ತಾರೆ. ಆಲೆಮನೆ, ಬಾಣಲೆ, ಸೂಜಿದಾರ. ನರಕವನ್ನು ಕಲ್ಪಿಸಿದವರು ಅದನ್ನು ತಮ್ಮ ಕಣ್ಣೆದುರಿನ ಸಾಮಾನುಗಳಿಂದಲೇ ಕಟ್ಟಿದರು. ಕೇಳಿದವರಿಗೆ ಕೂಡಲೇ ಅರ್ಥವಾಗಿದ್ದೂ ಅದಕ್ಕೇ.

ಯಾರಿಗೆ ಯಾವ ಶಿಕ್ಷೆ ಎಂಬುದನ್ನು ಇನ್ನೂ ಗಮನವಿಟ್ಟು ನೋಡಬೇಕು. ಕಬ್ಬಿನಂತೆ ಅರೆಯುವುದು ತಪ್ಪು ಮಾಡದವನನ್ನು ದಂಡಿಸಿದ ರಾಜನನ್ನು ಅಥವಾ ರಾಜನ ಅಧಿಕಾರಿಯನ್ನು. ಸೂಜಿಯಲ್ಲಿ ಹೊಲಿಯುವುದು ಹಣದ ಸೊಕ್ಕಿನಿಂದ ಮೆರೆದು, ಎಲ್ಲರನ್ನೂ ಅನುಮಾನಿಸುತ್ತ ಗಂಟು ಕಾದವನನ್ನು. ಹಂಚದೆ ಒಬ್ಬನೇ ಉಂಡವನಿಗೆ ಹುಳಗಳ ಕುಂಡ. ಸುಳ್ಳು ಸಾಕ್ಷಿ ಹೇಳಿದವನನ್ನು, ವ್ಯಾಪಾರದಲ್ಲಿ ಮೋಸ ಮಾಡಿದವನನ್ನು ಬೆಟ್ಟದ ತುದಿಯಿಂದ ತಲೆಕೆಳಗಾಗಿ ತಳ್ಳುವುದು. ಊರಿನ ಚಾವಡಿಯಲ್ಲಿ ಬಡವನಿಗೆ ಸಿಗದ ನ್ಯಾಯ ಇಲ್ಲಿ ಸಿಗುತ್ತದೆ. ಬಡ್ಡಿಯವನ ಮೇಲೆ, ಪಟೇಲನ ಮೇಲೆ ದೂರು ಕೊಡಲಾಗದ ಮನುಷ್ಯನಿಗೆ ನರಕವೇ ಮೇಲಿನ ಕೋರ್ಟು.

ಅದೇ ಪಟ್ಟಿಯಲ್ಲಿ ಇನ್ನೊಂದು ಮುಖವೂ ಇದೆ. ಬ್ರಾಹ್ಮಣನ ಮೈಮೇಲೆ ಕೈ ಮಾಡಿದ ಅಧಿಕಾರಿಗೂ ಅದೇ ಗಾಣ. ವೇದದ ದಾರಿ ಬಿಟ್ಟು ಬೇರೆ ಮತ ಹಿಡಿದವನಿಗೆ ಕತ್ತಿಯಂಥ ಎಲೆಗಳ ಕಾಡು, ಅಸಿಪತ್ರವನ. ಬಡವನ ಕೋರ್ಟಿನಲ್ಲಿ ಕೂತು ಕಾನೂನು ಬರೆದವನು ಬಡವನಾಗಿರಲಿಲ್ಲ. ಅನ್ಯಾಯಗಾರನನ್ನು ಹೆದರಿಸಿದ ಪಟವೇ ಪ್ರಶ್ನೆ ಕೇಳುವವರನ್ನೂ ಹೆದರಿಸಿತು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ದೀಪದ ಮುಂದಿನ ತೊಗಲು

ಯಮಪಟದಲ್ಲಿ ಚಿತ್ರ ನಿಂತಲ್ಲೇ ನಿಂತಿರುತ್ತಿತ್ತು, ಕಡ್ಡಿ ಮಾತ್ರ ಓಡಾಡುತ್ತಿತ್ತು. ನಮ್ಮ ನಾಡಿನಲ್ಲಿ ಬಣ್ಣದ ಚಿತ್ರವನ್ನೇ ಕುಣಿಸಿದವರು ತೊಗಲುಗೊಂಬೆಯವರು. ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು ಎಂದು ಊರೂರಿಗೂ ಹೆಸರು ಬೇರೆ. ಮನೆಯಲ್ಲಿ ಮರಾಠಿಯ ಒಂದು ಬಗೆ ಆಡುತ್ತ, ಆಟದಲ್ಲಿ ಕನ್ನಡ ಹಾಡುವ ಅಲೆಮಾರಿ ಜನ. ಹದ ಮಾಡಿದ ತೊಗಲನ್ನು ಬೆಳಕು ದಾಟುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಸಣ್ಣ ತೂತು ಕೊರೆದು, ಬಿಳಿ ಪರದೆಯ ಹಿಂದೆ ದೀಪದ ಬೆಳಕಿಗೆ ಹಿಡಿದರೆ ಬಣ್ಣ ಹೊತ್ತಿಕೊಂಡಂತೆ ಕಾಣುತ್ತದೆ. ಗೊಂಬೆಯ ಅಳತೆಗೂ ಲೆಕ್ಕವಿತ್ತು. ದೇವರು, ರಾಜರು ದೊಡ್ಡವರು. ಆಳುಕಾಳು ಚಿಕ್ಕವರು.

ಇವರ ಆಟದಲ್ಲಿ ಹೆಚ್ಚು ನಡೆದದ್ದು ರಾಮಾಯಣ, ಮಹಾಭಾರತ. ನರಕವೇ ಅವರ ವಿಷಯವಲ್ಲ. ಆದರೆ ಅವರು ಮಾಡಿದ ಒಂದು ಕೆಲಸ ನಮ್ಮ ಕಥೆಗೆ ಮುಖ್ಯ. ದೇವರು, ರಾಕ್ಷಸರು ಗಂಭೀರವಾಗಿ ಮಾತಾಡುವಾಗ ನಡುವೆ ಕಿಳ್ಳೇಕ್ಯಾತ ಎಂಬ ವಿಕಾರ ರೂಪದ ಹಾಸ್ಯಗಾರ ನುಗ್ಗುತ್ತಾನೆ. ಅವನ ಜೊತೆ ಹೆಂಡತಿ ಬಂಗಾರಕ್ಕ. ಇಬ್ಬರೂ ಊರಿನ ಮಾತಾಡುತ್ತಾರೆ, ಪೋಲಿ ನಗೆ ನಗಿಸುತ್ತಾರೆ. ಎಷ್ಟೇ ಭಯದ ಸನ್ನಿವೇಶ ಇರಲಿ, ನಗಲು ಒಂದು ಬಾಗಿಲು ತೆರೆದೇ ಇರುತ್ತಿತ್ತು.

ಚಿತ್ರಕಲೆಗೂ ತೊಗಲಿಗೂ ಇನ್ನೊಂದು ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಗೋಡೆಚಿತ್ರ ಬರೆಯುವ ಕ್ರಮವಿದೆ. ಅಲ್ಲಿ ಹೇಳುವ ವಜ್ರಲೇಪ ಎಂಬ ಅಂಟನ್ನು ಮಾಡುವುದು ಕೋಣದ ಚರ್ಮವನ್ನು ಬೆಣ್ಣೆಯಂತಾಗುವ ತನಕ ಕುದಿಸಿ. ಯಮನ ವಾಹನವೇ ಕರಗಿ ಚಿತ್ರದ ಬಣ್ಣವನ್ನು ಹಿಡಿದಿಡುತ್ತಿತ್ತು.

ತೊಗಲುಗೊಂಬೆ ಹರಿದು ಕೆಲಸಕ್ಕೆ ಬಾರದಾದಾಗ ಅದನ್ನು ಬಿಸಾಡುತ್ತಿರಲಿಲ್ಲ, ಹೊಳೆಗೆ ಬಿಡುತ್ತಿದ್ದರು, ಸತ್ತವರಿಗೆ ಮಾಡುವಂತೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಬಾಳೆಲ್ಲ ಪರದೆಯ ಹಿಂದೆ ಕಳೆದ ಜೀವ ಪರದೆಯ ಮುಂದೆ ಬರಲು ಅಷ್ಟು ವರ್ಷ ಬೇಕಾಯಿತು.

ಅಸ್ಥಿಪಂಜರ ತಲೆ ತೆಗೆದಾಗ

ಹೊರದೇಶದಲ್ಲೂ ಚಿತ್ರಕ್ಕೆ ಚಲನೆ ಬಂದಾಗ ಸಾವೇ ಮುಂದೆ ನಿಂತಿತ್ತು. 1659ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಮಾಯಾದೀಪದಲ್ಲಿ, ಅಂದರೆ ಗಾಜಿನ ಚಿತ್ರವನ್ನು ಗೋಡೆ ಮೇಲೆ ದೊಡ್ಡದಾಗಿ ಬಿಡುವ ಯಂತ್ರದಲ್ಲಿ, ತೋರಿಸಲು ಕೆಲವು ಚಿತ್ರ ಗೀಚಿಟ್ಟ. ಅವು ಏನು ಗೊತ್ತೆ? ತನ್ನ ತಲೆಬುರುಡೆಯನ್ನು ತಾನೇ ತೆಗೆದು ಕೈಯಲ್ಲಿ ಹಿಡಿಯುವ ಅಸ್ಥಿಪಂಜರ. 1790ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬವನು ಇದೇ ಯಂತ್ರದಿಂದ ಕತ್ತಲ ಕೋಣೆಯಲ್ಲಿ ದೆವ್ವ ತೋರಿಸಿ ಟಿಕೆಟ್ ಮಾರಿದ. ನಮ್ಮ ಪಕ್ಕದ ಮಹಾರಾಷ್ಟ್ರದ ಕಲ್ಯಾಣ್ ಊರಿನ ಮಹಾದೇವರಾವ್ ಪಟವರ್ಧನ್ 1892ರಲ್ಲಿ ಕೈಯಿಂದ ಬರೆದ ಗಾಜಿನ ಚಿತ್ರಗಳನ್ನು ಹೀಗೇ ಅಲುಗಾಡಿಸಿ ಪುರಾಣದ ಕಥೆ ತೋರಿಸಿದರು.

ಇನ್ನೊಬ್ಬನ ಹೆಸರನ್ನೂ ಹೇಳಬೇಕು, ಹಿರೋನಿಮಸ್ ಬಾಷ್. ಐನೂರು ವರ್ಷಗಳ ಹಿಂದಿನ ಹಾಲೆಂಡಿನ ಕಡೆಯ ಈ ಚಿತ್ರಗಾರನ ನರಕದಲ್ಲಿ ಹಕ್ಕಿತಲೆಯ ರಾಕ್ಷಸ ಮನುಷ್ಯರನ್ನು ನುಂಗುತ್ತಾನೆ, ವಾದ್ಯಗಳೇ ಚಿತ್ರಹಿಂಸೆಯ ಯಂತ್ರಗಳಾಗಿವೆ. ಅವನು ತೀರಿಕೊಂಡು 500 ವರ್ಷ ತುಂಬಿದ 2016ರಲ್ಲಿ ಅಲ್ಲಿನ ಸ್ಟುಡಿಯೊ ಸ್ಮ್ಯಾಕ್ ಎಂಬ ತಂಡ ಆ ನರಕದ ಪಕ್ಕದಲ್ಲೇ ಇರುವ, ಅದೇ ಚಿತ್ರದ ನಡುಭಾಗವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಚಲಿಸುವಂತೆ ಮಾಡಿತು. ಹಳೆಯ ಪಾಪಗಳ ಜಾಗಕ್ಕೆ ಇವತ್ತಿನ ಕೊಳ್ಳುಬಾಕತನವನ್ನೂ ಮೊಬೈಲ್ ಕಾಲದ ಒಂಟಿತನವನ್ನೂ ತಂದಿತು. ನರಕವನ್ನು ಮತ್ತೆ ಬರೆಯುವುದೂ ಹೀಗೇ ಇರಬೇಕು. ಬೆಂಕಿಗೆ ಹೊಸ ಬಣ್ಣ ಹಚ್ಚಿದರೆ ಸಾಲದು, ಪಾಪದ ಪಟ್ಟಿಯನ್ನು ಮತ್ತೆ ಪರೀಕ್ಷಿಸಬೇಕು.

ಕನ್ನಡದವರು ಕೊಟ್ಟ ಉತ್ತರ

ಆ ಪರೀಕ್ಷೆ ಕನ್ನಡಕ್ಕೆ ಹೊಸದಲ್ಲ. ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಬಲಿ ಕೊಡುವುದು ಹಿಟ್ಟಿನಲ್ಲಿ ಮಾಡಿದ ಹುಂಜವನ್ನು. ಅಷ್ಟಕ್ಕೇ ಅವನೂ ಅವನ ತಾಯಿಯೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನೋಯುತ್ತಾರೆ. ಶಿಕ್ಷೆ ಬೇರೆ ಲೋಕದಲ್ಲಿಲ್ಲ, ನಾವು ಕೊಲ್ಲುವ ಜೀವದ ಮೈಯೊಳಗೇ ಇದೆ ಎಂಬಂತಿದೆ ಆ ಕಥೆ. ಅದಕ್ಕೂ ಮೊದಲು ಬಸವಣ್ಣ ಸ್ವರ್ಗ ನರಕಗಳನ್ನು ಮೇಲೆ ಕೆಳಗೆ ಹುಡುಕಬೇಡಿ, ಅವು ನಮ್ಮ ನಡತೆಯಲ್ಲೇ ಇವೆ ಎಂಬ ಅರ್ಥದಲ್ಲಿ ಹೇಳಿ, ಪಟವನ್ನೇ ಸುತ್ತಿಟ್ಟರು.

ನನಗೆ ಹೆಚ್ಚು ಕಾಡುವುದು ಧರ್ಮರಾಯನ ಕಥೆ. ಕುಮಾರವ್ಯಾಸ ಬರೆದದ್ದು ಗದಾಪರ್ವದ ತನಕ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಕೊನೆಯ ಸ್ವರ್ಗಾರೋಹಣ ಪರ್ವದ ಕಥೆಯಲ್ಲಿ ಧರ್ಮರಾಯನಿಗೆ ನರಕ ತೋರಿಸುತ್ತಾರೆ. ಕತ್ತಲೆ, ದುರ್ನಾತ. ಹೊರಡಲು ತಿರುಗಿದವನನ್ನು ದನಿಗಳು ಕೂಗುತ್ತವೆ: ನೀನು ನಿಂತರೆ ತಂಗಾಳಿ ಬೀಸುತ್ತದೆ, ಸ್ವಲ್ಪ ಹೊತ್ತು ನಿಲ್ಲು. ಕೇಳಿದರೆ ಅವು ತಮ್ಮಂದಿರ, ದ್ರೌಪದಿಯ ದನಿ. ಹಾಗಾದರೆ ನಾನು ಇಲ್ಲೇ ಇರುತ್ತೇನೆ ಎನ್ನುತ್ತಾನೆ ಅವನು. ಅವನು ನಿಂತದ್ದಕ್ಕೇ ಆ ನರಕ ಮಾಯವಾಗುತ್ತದೆ. ಬೆಂಗಳೂರು ಕರಗದ ಮೂಲಕಥೆಯನ್ನೂ ಪಾಂಡವರು ನರಕ ಕಂಡ ಈ ಹೊತ್ತಿಗೆ ಜೋಡಿಸಿ ಹೇಳುವುದುಂಟು.

ಪಟದ ಪಕ್ಕದ ಮನುಷ್ಯ

ಈಗ ಮತ್ತೆ ದಕ್ಷಿಣ ಬೆಂಗಳೂರಿಗೆ ಬರೋಣ. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಜಯನಗರ, ಬಿಟಿಎಂ ಲೇಔಟಿನ ಕಡೆ ಈ ಕಲೆ ಕಲಿಸುವ ತರಗತಿಗಳ ಬೋರ್ಡು ಕಾಣುತ್ತವೆ. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರೂ ಅಲ್ಲಿ ಕಲಿಯುತ್ತಾರೆ. ಅದೇ ದಿಕ್ಕಿನಲ್ಲಿ, ಬನಶಂಕರಿಯ ‘ಧಾತು’ ತಂಡ ಸೂತ್ರದ ಬೊಂಬೆ ಆಡಿಸುತ್ತ ಹಳೆಯ ಕಥೆಗಳನ್ನು ಹೇಳುತ್ತಿದೆ. ಒಂದು ಕಡೆ ಮೌಸ್, ಇನ್ನೊಂದು ಕಡೆ ದಾರ. ಎರಡೂ ನಿಂತ ಚಿತ್ರಕ್ಕೆ ಜೀವ ಕೊಡುವ ಕೈಗಳೇ.

ಆದರೆ ಮೆಟ್ರೊದಲ್ಲಿ ಕಂಡ ಆ ವಿಡಿಯೊಗೂ ಹಳೆಯ ಪಟಕ್ಕೂ ಒಂದು ವ್ಯತ್ಯಾಸವಿದೆ. ಯಮಪಟದ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಅವನು ಮೋಸಗಾರನೇ ಇರಲಿ, ಅವನಿಗೆ ಮುಖವಿತ್ತು. ಹೆಂಗಸಿಗೆ ಮಾತ್ರ ಯಾಕಪ್ಪ ಈ ಕೊಪ್ಪರಿಗೆ, ಹೊಡೆದ ಗಂಡ ಎಲ್ಲಿ ಎಂದು ಅವನನ್ನು ಕೇಳಬಹುದಿತ್ತು. ಗುಂಪಿನಲ್ಲಿ ಒಬ್ಬ ಮುದುಕಿ ಗೇಲಿ ಮಾಡಿದರೆ ಎಲ್ಲರೂ ನಗಬಹುದಿತ್ತು. ತೊಗಲಾಟದಲ್ಲಂತೂ ಬಂಗಾರಕ್ಕ ಇದ್ದಳು. ಮೊಬೈಲಿನ ನರಕವನ್ನು ನಾವು ಒಬ್ಬರೇ ನೋಡುತ್ತೇವೆ. ಅದನ್ನು ಬರೆದವರು ಯಾರು, ಪಟ್ಟಿ ಯಾವ ಪುರಾಣದ್ದು, ಅದರಲ್ಲಿ ಕೈಯಿಂದ ಸೇರಿಸಿದ್ದು ಎಷ್ಟು, ಒಂದೂ ತಿಳಿಯದು. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ.

ಹಾಗಾಗಿ ಮುಂದಿನ ಸಲ ಅಂಥ ವಿಡಿಯೊ ಬಂದರೆ ಕೂಡಲೇ ಅಳಿಸಬೇಡಿ, ಕೂಡಲೇ ಕಳಿಸಲೂಬೇಡಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಒಬ್ಬರೇ ನೋಡಿ ಹೆದರುತ್ತಿದ್ದರೆ ಪಕ್ಕದಲ್ಲಿ ಕೂತು ಜೊತೆಗೆ ನೋಡಿ. ಕೊಪ್ಪರಿಗೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಎಣಿಸಿ. ತಪ್ಪು ಮಾಡದವನನ್ನು ದಂಡಿಸಿದ ಅಧಿಕಾರಿಗೆ ಕಬ್ಬಿನ ಗಾಣ ಕಾದಿದೆ ಎಂದು ಅದೇ ಪುರಾಣಗಳಲ್ಲಿ ಬರೆದಿದೆ ಎಂಬುದನ್ನೂ ಹೇಳಿ. ಅಜ್ಜಿ ನಕ್ಕರೆ ಆ ನರಕದ ಅರ್ಧ ಬೆಂಕಿ ಆರಿದ ಹಾಗೆ.