ದೇವಿಯ ಕಲೆ: ರೋಗರಕ್ಷೆಯ ಎರಡು ಮಾರ್ಗಗಳು

1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ವೃದ್ಧರಲ್ಲಿ ಕೆಲವರ ಮುಖದ ಮೇಲೆ ಸಿಡುಬಿನ ಕುಳಿಗಳೂ, ಹಲವರ ತೋಳಿನ ಮೇಲೆ ‘ದೇವಿ ಹಾಕಿದ’ ಕಲೆಯೂ ಇಂದಿಗೂ ಕಾಣುತ್ತವೆ. ರೋಗಕ್ಕೂ ಅದರ ನಿವಾರಣೆಗೂ ಜನರು ದೇವಿಯ ಹೆಸರನ್ನೇ ಇಟ್ಟರೆಂಬುದು ಗಮನಾರ್ಹ.

ರಕ್ಷೆಯ ಎರಡು ಮಾರ್ಗಗಳು ಕನ್ನಡ ನಾಡಿನ ಒಂದೇ ಚಿತ್ರದಲ್ಲಿ ದೊರೆಯುತ್ತವೆ. 1805ರ ಸುಮಾರಿಗೆ ಥಾಮಸ್ ಹಿಕಿಯು ರಚಿಸಿದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬಾಕೆಯ ಬಾಯಿಯ ಸುತ್ತಣ ಬಣ್ಣಗೆಟ್ಟ ತ್ವಚೆಯು ಸಿಡುಬಿನ ದ್ರವ್ಯವನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯನ್ನೂ, ಮತ್ತೊಬ್ಬಾಕೆ ತೋರುವ ತೋಳು 1796ರಲ್ಲಿ ಜೆನ್ನರನು ಪರೀಕ್ಷಿಸಿದ ಗೋಸಿಡುಬಿನ ಲಸಿಕೆಯನ್ನೂ ಸೂಚಿಸುತ್ತವೆಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರು ವಾದಿಸಿದ್ದಾರೆ.

ಸಿಡುಬಿನಿಂದ ಉಳಿದವರ ರಕ್ತದಲ್ಲಿ ಹುಟ್ಟುತ್ತಿದ್ದ ಪ್ರತಿಕಾಯಗಳ ರಕ್ಷೆ ಸಾಮಾನ್ಯವಾಗಿ ಆಜೀವವಾದುದು. ಲಸಿಕೆಯ ರಕ್ಷೆಯಾದರೋ ಕ್ರಮೇಣ ಕುಗ್ಗುವುದರಿಂದ ಪುನಃ ಹಾಕಿಸಿಕೊಳ್ಳಬೇಕಾಗುತ್ತಿತ್ತು. ಹಾಗಾದರೆ ರೋಗವೇ ಮೇಲೆನ್ನಬಹುದೆ? ಲಸಿಕೆಯಿಲ್ಲದವರಲ್ಲಿ ಉಗ್ರ ಸಿಡುಬಿಗೆ ನೂರಕ್ಕೆ ಸುಮಾರು 30 ಮಂದಿ ಬಲಿಯಾಗುತ್ತಿದ್ದರು. ಬದುಕಿದವರಿಂದಲೂ ಸೋಂಕು ನೆರೆಮನೆಗೆ ಹಬ್ಬುತ್ತಿತ್ತು. ಲಸಿಕೆಯಿಂದ ಸಿಡುಬು ಹಬ್ಬುತ್ತಿರಲಿಲ್ಲ. ಆದುದರಿಂದಲೇ ಭಾರತದಲ್ಲಿ 1975ರಲ್ಲಿ ಈ ರೋಗ ನಿಂತಿತು. 1980ರಲ್ಲಿ ಲೋಕವೇ ಮುಕ್ತವೆಂದು ಘೋಷಿತವಾಯಿತು.

ಮುಖದ ಕುಳಿಯು ಉಳಿದವರ ಲೆಕ್ಕವನ್ನು ಮಾತ್ರ ಹೇಳುತ್ತದೆ. ಮಡಿದವರನ್ನೂ ಎಣಿಸಿದಾಗಲೇ ಈ ತುಲನೆ ಪೂರ್ಣವಾಗುತ್ತದೆ.