‘ಹಿಂಡತೈತಿ’, ‘ಜಗ್ಗತೈತಿ’: ಕರುಳಿನ ಶಸ್ತ್ರಕ್ರಿಯೆಯ ನಂತರದ ನೋವು ಮತ್ತು ಅದರ ಶಮನ

ದಿಗ್ಗೇವಾಡಿ ರಾಯಬಾಗ ತಾಲೂಕಿನ ಊರು. ಈ ಭಾಗದಲ್ಲಿ ಹೊಟ್ಟೆನೋವಿಗೆ ಒಂದೇ ಮಾತಿಲ್ಲ. ‘ಹೊಟ್ಟಿ ಹಿಂಡತೈತಿ’ ಎಂದರೆ ಒಳಗಿನ ಕರುಳಿನದು. ‘ಟಾಕಿ ಜಗ್ಗತೈತಿ’ ಎಂದರೆ ಹೊಲಿಗೆಯದು. ಕ್ರೋನ್ಸ್ ರೋಗಕ್ಕೋ ಅಲ್ಸರೇಟಿವ್ ಕೊಲೈಟಿಸ್‌ಗೋ ಕರುಳು ಕತ್ತರಿಸಿಕೊಂಡವರಲ್ಲಿ, ಸೊನ್ನೆಯಿಂದ ಹತ್ತರವರೆಗಿನ ಅಂಕಿ ಕೇಳುವ ಮೊದಲು ಈ ಕ್ರಿಯಾಪದವನ್ನು ಕೇಳಬೇಕೆಂಬುದು ಈ ಲೇಖನದ ವಾದ.

ಮದ್ದಿನ ಆಯ್ಕೆ ಅದರ ಮೇಲೆಯೇ ನಿಂತಿದೆ. 2001ರಲ್ಲಿ ರಫಿ ವಿವರಿಸಿದ ಟ್ಯಾಪ್ ಬ್ಲಾಕ್ ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುತ್ತದೆ. ಅದರಿಂದ ಜಗ್ಗುವ ನೋವು ತಗ್ಗುತ್ತದೆ, ಹಿಂಡುವ ನೋವು ಹಾಗೇ ಉಳಿಯುತ್ತದೆ. ಹೊಟ್ಟೆ ತೆರೆದು ಮಾಡುವ ಶಸ್ತ್ರಕ್ರಿಯೆಯಲ್ಲಿ ಎದೆಮಟ್ಟದ ಎಪಿಡ್ಯೂರಲ್ ಎರಡನ್ನೂ ಹಿಡಿದಿಡಬಲ್ಲದು. ದುರ್ಬೀನಿನ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಮಾರ್ಫಿನ್ ನೋವು ಕಳೆಯುತ್ತದೆ, ಜೊತೆಗೆ ಕರುಳನ್ನೂ ಮಲಗಿಸುತ್ತದೆ. ವಾರ್ಡಿನಲ್ಲಿ ಬೆಳಗಾದರೆ ‘ಗಾಳಿ ಹೋತೇನ್ರಿ?’ ಎಂದು ಕೇಳುವುದು ಇದಕ್ಕೇ. ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದು ಕೆಮ್ಮುವ ರೋಗಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಗಾಳಿ ಹೋಗಲೆಂದೇ ಮದ್ದು ಕಡಿಮೆ ಮಾಡಿದ್ದೆಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಿರುವುದಿಲ್ಲ. ವರ್ಷಗಟ್ಟಲೆ ನೋವುಂಡು, ಶಸ್ತ್ರಕ್ರಿಯೆಗೆ ಮೊದಲೇ ಮಾರ್ಫಿನ್ ಜಾತಿಯ ಟ್ರಮಡಾಲ್‌ಗೆ ಒಗ್ಗಿದವರಿಗೆ ವಾಡಿಕೆಯ ಪ್ರಮಾಣ ಸಾಲದಿರಬಹುದು. ಅಂಥವರನ್ನು ‘ತಾಳ್ಮೆ ಇಲ್ಲದವರು’ ಎನ್ನುವುದು ಅನ್ಯಾಯ.

ಹೊತ್ತಿಗೆ ಸರಿಯಾಗಿ ಕೊಡುವ ಪ್ಯಾರಾಸಿಟಮಾಲ್ ಎಲ್ಲಕ್ಕೂ ತಳಪಾಯ. ಆದರೆ ಈ ಕಾಯಿಲೆ ಬಹಳ ದಿನ ಊಟ ಬಿಡಿಸಿ ಮೈ ಇಳಿಸುತ್ತದೆ. 50 ಕೆಜಿಗಿಂತ ಕಡಿಮೆ ತೂಗುವವರಿಗೆ ಪ್ರತಿ ಸಲವೂ ಕೆಜಿಗೆ 15 ಮಿಲಿಗ್ರಾಮಿನಂತೆ ಲೆಕ್ಕ ಹಾಕಿ ಕೊಡಬೇಕು.

ನನಗೆ ಹೆಚ್ಚು ಚಿಂತೆಯಾಗುವುದು ರೋಗಿ ಮನೆಗೆ ಬಂದ ಮೇಲಿನ ದಿನಗಳದು. ಮಿಷನರಿ ವೈದ್ಯ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದ, ಮಹಾರಾಷ್ಟ್ರದ ಮೀರಜಿಗೆ ಗಡಿ ದಾಟಿ ಹೋಗುವುದು ಈ ಸೀಮೆಯವರಿಗೆ ಹಳೆಯ ರೂಢಿ. ಗಡಿಯ ಆಚೆಯಾಗಲಿ ಈಚೆಯಾಗಲಿ, ಕೈಗೆ ಬರುವ ಡಿಸ್ಚಾರ್ಜ್ ಕಾಗದ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಲಾಗದವರಿಗೆ, ಕಬ್ಬು ಕಡಿದು ಸೊಂಟ ಹಿಡಿದಾಗ, ಊರಲ್ಲಿ ಸುಲಭವಾಗಿ ಸಿಗುವುದು ಡೈಕ್ಲೊಫೆನಾಕ್ ಸೂಜಿ, ಗುಳಿಗೆ. ಇದೇ ಜಾತಿಯ ಮದ್ದುಗಳು ಕೆಲವರಲ್ಲಿ ಕರುಳಿನ ಉರಿಯೂತವನ್ನು ಕೆರಳಿಸುತ್ತವೆ. ಶಸ್ತ್ರಕ್ರಿಯೆಯ ಹೊಸದರಲ್ಲಿ ಕರುಳಿನ ಜೋಡಣೆ ಸೋರುವುದಕ್ಕೂ ಡೈಕ್ಲೊಫೆನಾಕ್‌ಗೂ ನಂಟಿದೆಯೆಂದು ಹಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಒಪ್ಪಿಲ್ಲ. ಒಮ್ಮತವಾಗುವವರೆಗೆ ರೋಗಿ ಕಾಯಲಾರ.

ಆದ್ದರಿಂದ ಶಸ್ತ್ರವೈದ್ಯರಲ್ಲಿ, ಅರಿವಳಿಕೆ ತಜ್ಞರಲ್ಲಿ ಒಂದು ಬಿನ್ನಹ: ಯಾವ ಗುಳಿಗೆ ನುಂಗಬಹುದು, ಯಾವುದನ್ನು ಕೇಳದೆ ನುಂಗಬಾರದು ಎಂಬುದನ್ನು ಆ ಕಾಗದದ ಮೇಲೆಯೇ ಎರಡು ಸಾಲು ಕನ್ನಡದಲ್ಲಿ ಬರೆದು ಕೊಡಿ.