ರಾಜ್ಯೋತ್ಸವದ ಕರೆಸಂಕೇತ: ಹವ್ಯಾಸಿ ರೇಡಿಯೊದ ವಿಶೇಷ ಕೇಂದ್ರಗಳು ಮತ್ತು ಮಲಪ್ರಭೆಯ ಸೀಮೆ

ಹವ್ಯಾಸಿ ರೇಡಿಯೊದಲ್ಲಿ ವಿಶೇಷ ಕೇಂದ್ರವೆಂದರೆ ನೆನಪಿಡಬೇಕಾದ ಒಂದು ದಿನಕ್ಕಾಗಿ, ಗೊತ್ತಾದ ಅವಧಿಗೆ, ಸರ್ಕಾರ ಕೊಟ್ಟ ಪ್ರತ್ಯೇಕ ಕರೆಸಂಕೇತದಿಂದ ನಡೆಯುವ ಕೇಂದ್ರ. ದೂರದ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ನಡೆಸುವವರು) ಆ ಕರೆ ಕೇಳಿ ಉತ್ತರಿಸುತ್ತಾರೆ. ಒಬ್ಬರ ಧ್ವನಿ ಇನ್ನೊಬ್ಬರಿಗೆ ಎಷ್ಟು ಸ್ಪಷ್ಟ, ಎಷ್ಟು ಬಲವಾಗಿ ಕೇಳಿತೆಂದು ಹೇಳಿಕೊಂಡು ಲಾಗ್‌ನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಸಂಪರ್ಕ ನಡೆದದ್ದಕ್ಕೆ ದಾಖಲೆಯಾಗಿ ಕ್ಯೂಎಸ್‌ಎಲ್ ಕಾರ್ಡ್ ಅಂಚೆಯಲ್ಲಿ ಹೋಗುತ್ತದೆ. ಇದು ಎಫ್‌ಎಂ ಬಾನುಲಿಯಲ್ಲ. ಪ್ರಸಾರ ಮಾಡುವುದಕ್ಕೆ ಇಲ್ಲಿ ನಿಷೇಧವಿದೆ. ಸಚಿವರ ಭಾಷಣವನ್ನಾಗಲಿ ನಾಡಗೀತೆಯನ್ನಾಗಲಿ ಬಿತ್ತರಿಸುವಂತಿಲ್ಲ. ಸಮಾರಂಭಗಳನ್ನು ಏರ್ಪಡಿಸುವ ಅಧಿಕಾರಿಗಳು ಮೊದಲು ಎಡವುವುದು ಇಲ್ಲಿಯೇ. ಮೊಬೈಲ್ ಬಂದ ಮೇಲೆ ಇದು ಬರೀ ಪ್ರದರ್ಶನದ ಮಳಿಗೆಯಾಯಿತೆಂಬ ಮಾತು ಈಚೆಗೆ ಬಳಕೆಗೆ ಬಂದಿದೆ. ಅದೂ ಅಷ್ಟೇ ತಪ್ಪು.

ಸ್ಮರಣೆಗೆ ಕರೆಸಂಕೇತ ಪಡೆಯುವ ರೂಢಿ ಹಳೆಯದು. ಬ್ರಿಟನ್ನಿನಲ್ಲಿ ವಿಶೇಷ ಕೇಂದ್ರಗಳಿಗೆ ‘ಜಿಬಿ’ ಎಂಬ ಅಕ್ಷರಗಳೇ ಮೀಸಲು. 1958ರಲ್ಲಿ ಮೊದಲಾದ ಸ್ಕೌಟರ ಆಕಾಶ ಜಾಂಬೂರಿ ಎಷ್ಟೋ ದೇಶಗಳ ಮಕ್ಕಳಿಗೆ ಹ್ಯಾಮ್ ಕೇಂದ್ರದ ಮೊದಲ ಪರಿಚಯ ಮಾಡಿಸಿತು. 1976ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ 200ನೇ ವರ್ಷಕ್ಕೆ ಆ ದೇಶದ ಹ್ಯಾಮ್‌ಗಳಿಗೆ ಬೇರೆಯೇ ಪೂರ್ವಾಕ್ಷರಗಳನ್ನು ಬಳಸಲು ಬಿಟ್ಟಿತು. 2014ರಲ್ಲಿ ಅಲ್ಲಿನ ರಾಷ್ಟ್ರೀಯ ಹ್ಯಾಮ್ ಸಂಘ ತನ್ನ ನೂರನೇ ವರ್ಷಕ್ಕೆ ಕೇಂದ್ರ ಕಚೇರಿಯ ಕರೆಸಂಕೇತವನ್ನು 50 ರಾಜ್ಯಗಳಿಗೂ ಸರದಿಯಂತೆ ಕೊಟ್ಟಿತು. ರಾಜ್ಯದ ಹಬ್ಬ ಮಾಡುವವರು ಕಲಿಯಬೇಕಾದದ್ದು ಈ ಕೊನೆಯ ಉದಾಹರಣೆಯಿಂದ. ಕರೆಸಂಕೇತ ರಾಜಧಾನಿಯಲ್ಲಿ ಕೂರದೆ ಊರೂರಿಗೆ ಹೋಯಿತು.

ಭಾರತದಲ್ಲಿ ಹವ್ಯಾಸಿ ರೇಡಿಯೊ 1921ರಲ್ಲಿ ಕಲ್ಕತ್ತದ ಅಮರೇಂದ್ರಚಂದ್ರ ಗುಪ್ತರಿಂದ ಆರಂಭವಾಯಿತು. ಅವರ ಕರೆಸಂಕೇತ 2ಜೆಕೆ. ಎರಡು ಮೂರು ವರ್ಷಗಳಲ್ಲೇ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ರೇಡಿಯೊ ಕ್ಲಬ್ಬುಗಳು ಹುಟ್ಟಿದವು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ನಡೆಸಿದರು. ಸ್ವಂತ ಆಸಕ್ತಿಯಿಂದ ಹುಟ್ಟಿದ ರೇಡಿಯೊ ಸಾರ್ವಜನಿಕ ಸೇವೆಯಾದದ್ದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. 1939ರಲ್ಲಿ ಯುದ್ಧ ಬಂದಾಗ ಹವ್ಯಾಸಿ ಪರವಾನಗಿಗಳೆಲ್ಲ ರದ್ದಾದವು. 1948ರಲ್ಲಿ ಮ್ಹೋವ್‌ನ ಸೇನಾ ಸಿಗ್ನಲ್ ಶಾಲೆಯಲ್ಲಿ ಹುಟ್ಟಿದ ಸಂಘ ಮುಂದೆ ದೆಹಲಿಗೆ ಹೋಗಿ ಭಾರತೀಯ ಹವ್ಯಾಸಿ ರೇಡಿಯೊ ಸೊಸೈಟಿಯಾಯಿತು. ಇವತ್ತಿಗೂ ಆಧಾರವಾಗಿರುವ ನಿಯಮಾವಳಿ 1978ರದು.

ಕರ್ನಾಟಕದ ಹ್ಯಾಮ್ ಚರಿತ್ರೆಯ ತಿರುಳು 1959ರಲ್ಲಿ ಸ್ಥಾಪನೆಯಾದ ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ ಮತ್ತು ಅದರ ಸುತ್ತ ಬೆಳೆದ ತಲೆಮಾರು. ಆ ಕಾಲದಲ್ಲಿ ಅಂಗಡಿಗೆ ಹೋಗಿ ಸೆಟ್ ತರುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಸೇನೆಯ ರಿಸೀವರುಗಳನ್ನು ಬಿಚ್ಚಿ ಜೋಡಿಸುವುದು, 807 ವಾಲ್ವ್ ಹಾಕಿ ಟ್ರಾನ್ಸ್‌ಮಿಟರ್ ಕಟ್ಟುವುದು, ಎಸ್.ಪಿ. ರಸ್ತೆಯ ಗುಜರಿಯಲ್ಲಿ ಬೇಕಾದ ಕಂಡೆನ್ಸರಿಗೆ ಮಧ್ಯಾಹ್ನವಿಡೀ ಹುಡುಕುವುದು, ಕಾಯಿಲನ್ನು ಕೈಯಿಂದಲೇ ಸುತ್ತುವುದು, ಇವೆಲ್ಲ ಹವ್ಯಾಸದ ಭಾಗವೇ ಆಗಿದ್ದವು. ಮೊದಲ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 12 ಪದಗಳ ವೇಗದಲ್ಲಿ ಮೋರ್ಸ್ ಬರಬೇಕಿತ್ತು. ಎರಡನೆಯ ದರ್ಜೆಗೆ 5 ಪದ. ಸೆಟ್ಟು ಕೆಟ್ಟರೆ ರಿಪೇರಿ ಮಾಡುವವರು ಬೇರೆ ಇರಲಿಲ್ಲವಾದ್ದರಿಂದ ಆ ತಲೆಮಾರಿಗೆ ಸರ್ಕ್ಯೂಟ್ ಬಾಯಿಪಾಠವಾಗಿತ್ತು. ಈಗಿನ ಸಿದ್ಧ ಸೆಟ್ಟುಗಳ ಕಾಲದಲ್ಲಿ ಕೈಬಿಟ್ಟುಹೋದದ್ದು ಮೋರ್ಸಿಗಿಂತ ಹೆಚ್ಚಾಗಿ ಈ ತಿಳಿವಳಿಕೆ.

ಅದೇ ತಲೆಮಾರು ಕಾರ್ ರ‍್ಯಾಲಿಗಳಲ್ಲಿ ರಾತ್ರಿಯಿಡೀ ಕಾಡುದಾರಿಯ ತಿರುವುಗಳಲ್ಲಿ ಕೂತು ಸಂದೇಶ ರವಾನಿಸಿ ಶಿಸ್ತು ಕಲಿಯಿತು. ಸಣ್ಣ ಸಂದೇಶ, ಸರಿಯಾದ ಸಮಯ, ತಪ್ಪಿಲ್ಲದ ಲಾಗ್ ಎಂಬ ಈ ಶಿಸ್ತಿನ ಬೆಲೆ ದೇಶಕ್ಕೆ ತಿಳಿದದ್ದು ವಿಪತ್ತುಗಳಲ್ಲಿ. 1999ರ ಒಡಿಶಾ ಚಂಡಮಾರುತದಲ್ಲಿ, 2001ರ ಭುಜ್ ಭೂಕಂಪದಲ್ಲಿ ಹ್ಯಾಮ್‌ಗಳು ಕೆಲಸ ಮಾಡಿದರು. 2004ರ ಡಿಸೆಂಬರಿನಲ್ಲಿ ಅಂಡಮಾನಿಗೆ ಹೋದ ಭಾರತಿ ಪ್ರಸಾದ್ ಅವರ ತಂಡದ ಉದ್ದೇಶ ಜಗತ್ತಿನ ಹ್ಯಾಮ್‌ಗಳಿಗೆ ಒಂದು ಅಪರೂಪದ ಜಾಗದ ಸಂಪರ್ಕ ಒದಗಿಸುವುದಷ್ಟೇ ಆಗಿತ್ತು. ಡಿಸೆಂಬರ್ 26ರಂದು ಸುನಾಮಿ ಬಂದಾಗ ಅದೇ ಸೆಟ್, ಅದೇ ಆ್ಯಂಟೆನಾ ದ್ವೀಪಗಳನ್ನು ಹೊರಜಗತ್ತಿನೊಂದಿಗೆ ಜೋಡಿಸಿದವು. ವಿಶೇಷ ಕೇಂದ್ರವನ್ನು ಆಡಂಬರವೆನ್ನುವವರಿಗೆ ಇಷ್ಟೇ ಉತ್ತರ ಸಾಕು. 2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ 42.5 ಕಿಲೊ ತೂಕದ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್ 2014ರವರೆಗೆ ನಡೆಯಿತು. ಅದಕ್ಕೂ ಮೊದಲು, 2003ರಲ್ಲೇ, ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಕಡಿಮೆ ಖರ್ಚಿನ ಸೆಟ್ ಬೆಸುಗೆ ಕಬ್ಬಿಣವನ್ನು ಮತ್ತೆ ಹುಡುಗರ ಕೈಗೆ ಕೊಟ್ಟಿತ್ತು. ಸ್ಮರಣೆಯ ಕರೆಸಂಕೇತಗಳಲ್ಲಿ ನಿಷ್ಠೆಯಿಂದ ನಡೆದುಬಂದದ್ದು ಎಯು2ಜೆಸಿಬಿ. ಜಗದೀಶಚಂದ್ರ ಬೋಸರ ಜನ್ಮದಿನವಾದ ನವೆಂಬರ್ 30ರ ಆಸುಪಾಸಿನಲ್ಲಿ ಮಹಾರಾಷ್ಟ್ರದಿಂದ ಅದು ವರ್ಷವರ್ಷವೂ ಕೇಳಿಬಂದಿದೆ. ಒಬ್ಬನೇ ಹವ್ಯಾಸಿ ಪಟ್ಟುಹಿಡಿದರೆ ಏನಾಗುತ್ತದೆಂಬುದಕ್ಕೆ ಅದು ಪ್ರಮಾಣ.

ರಾಜ್ಯದ ವಾರ್ಷಿಕೋತ್ಸವಕ್ಕೆ ಕೇಂದ್ರ ಹೂಡುವವರು ಪಂಚಾಂಗದ ಜತೆಗೆ ಸೂರ್ಯನನ್ನೂ ನೋಡಬೇಕು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಕಲೆಗಳು ಹೆಚ್ಚಿದ್ದಾಗ ಮೇಲಿನ ಬ್ಯಾಂಡುಗಳು ತೆರೆದು ಅಲ್ಪ ಶಕ್ತಿಯಲ್ಲೂ ಖಂಡಾಂತರ ಮಾತು ಹೋಗುತ್ತದೆ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ, ದಾಖಲೆಯಲ್ಲೇ ಅತಿ ಪ್ರಬಲವಾದ ಸೌರಚಕ್ರ ಏರುಗತಿಯಲ್ಲಿತ್ತು. 1973ರಲ್ಲಿ ಕರ್ನಾಟಕವೆಂದು ಹೆಸರಾದಾಗ ಅದರ ಮುಂದಿನ ಚಕ್ರ ಇಳಿಮುಖವಾಗಿತ್ತು. 2006ರ ಸುವರ್ಣ ಕರ್ನಾಟಕ ವರ್ಷ ಕನಿಷ್ಠಕ್ಕೆ ಹತ್ತಿರ. ಹೆಸರಿನ ಐವತ್ತನೇ ವರ್ಷವಾದ 2023 ಗರಿಷ್ಠಕ್ಕೆ ಹತ್ತಿರ. ಈಗಿನ ಚಕ್ರ 2019ರ ಕೊನೆಗೆ ಆರಂಭವಾದ್ದರಿಂದ, ರಾಜ್ಯಕ್ಕೆ 75 ತುಂಬುವ 2031 ಮತ್ತೆ ಕನಿಷ್ಠದ ಆಸುಪಾಸಿಗೆ ಬರುತ್ತದೆ.

ಇದು ಕೊರತೆಯಲ್ಲ. ರಾಜ್ಯೋತ್ಸವದ ಕೇಂದ್ರ ಎಷ್ಟು ದೇಶಗಳನ್ನು ಮುಟ್ಟಿತು ಎಂದು ಅಳೆಯುವುದೇ ಸರಿಯಲ್ಲ. ರಾಜ್ಯದ 31 ಜಿಲ್ಲೆಗಳಲ್ಲಿ ಎಷ್ಟನ್ನು ಮುಟ್ಟಿತು ಎಂಬುದೇ ತಕ್ಕ ಅಳತೆ. ಅದಕ್ಕೆ ಬೇಕಾದದ್ದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್. ಹಗಲು ಹೊತ್ತಿನಲ್ಲಿ ಅದರ ಅಲೆ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಮರಳಿ ಸುತ್ತಲಿನ ಕೆಲವು ನೂರು ಕಿಲೋಮೀಟರ್ ದೂರದವರೆಗಿನ ನೆಲವನ್ನೆಲ್ಲ ತುಂಬುತ್ತದೆ. ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಕಿತ್ತೂರಿನಿಂದ ನೇರ ರೇಖೆಯಲ್ಲಿ ಸೊಲ್ಲಾಪುರ ಸುಮಾರು 260 ಕಿಲೋಮೀಟರ್, ಕಾಸರಗೋಡು 345, ಬೀದರ 385, ಬೆಂಗಳೂರು ಮತ್ತು ಮೈಸೂರು 420ರ ಆಸುಪಾಸು, ಕೋಲಾರ 450, ಚಾಮರಾಜನಗರ 470. ಇಡೀ ಕರ್ನಾಟಕ, ಜತೆಗೆ ಗಡಿಯಾಚೆಯ ಕನ್ನಡಿಗರು, ಒಂದೇ ತಂತಿಯ ಆ್ಯಂಟೆನಾದ ಅಳವಿನಲ್ಲಿದ್ದಾರೆ. ಆ ಸಂಪರ್ಕಗಳು ಕನ್ನಡದಲ್ಲೇ ನಡೆಯಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಾತು ಬರುವುದು ಇಲ್ಲಿ. ಬರೆದಿಟ್ಟ ಹ್ಯಾಮ್ ಚರಿತ್ರೆಯೆಲ್ಲ ಬೆಂಗಳೂರು, ಮೈಸೂರುಗಳ ಸುತ್ತಲೇ ಇದೆ. ಮಲಪ್ರಭೆಯ ಈ ಸೀಮೆ 1956ರವರೆಗೆ ಬೊಂಬಾಯಿಗೆ ಸೇರಿತ್ತು. ರಾಮದುರ್ಗವಂತೂ 1948ರವರೆಗೆ ಬೇರೆಯೇ ಸಂಸ್ಥಾನ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಇಲ್ಲಿನ ಮನೆಗಳಿಗೆ ರೇಡಿಯೊ ಎಂದರೆ ಧಾರವಾಡವೇ. ಏಕೀಕರಣದಿಂದ ಬದುಕು ನಿಜಕ್ಕೂ ಬದಲಾದದ್ದು ಇಂಥ ಊರುಗಳಲ್ಲಿ. ಆದ್ದರಿಂದ ರಾಜ್ಯದ ಹುಟ್ಟುಹಬ್ಬದ ಕರೆ ಇಲ್ಲಿಂದ ಹೊರಡುವುದರಲ್ಲಿ ಅರ್ಥವಿದೆ.

ಭೂಗೋಳವೂ ಅನುಕೂಲವಾಗಿದೆ. ಸವದತ್ತಿಯಿಂದ ಬೈಲಹೊಂಗಲ ಮತ್ತು ರಾಮದುರ್ಗ ನೇರ ರೇಖೆಯಲ್ಲಿ 28 ಕಿಲೋಮೀಟರಿನಷ್ಟು, ಕಿತ್ತೂರು 40ರಷ್ಟು. ಸುತ್ತಲ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡದಿಂದ 2 ಮೀಟರ್ ಬ್ಯಾಂಡಿನ ಅಲೆಗೆ ದಿಗಂತ ಸುಮಾರು 40 ಕಿಲೋಮೀಟರ್ ದೂರ. ಸವದತ್ತಿಯ ಯಲ್ಲಮ್ಮನ ಗುಡ್ಡದ ಮೇಲೊಂದು ಕೇಂದ್ರವಿದ್ದರೆ ನಾಲ್ಕೂ ಊರುಗಳು ಕೈಸೆಟ್ಟಿನಲ್ಲೇ ಮಾತಾಡಿಕೊಳ್ಳಬಹುದು. ಗುಡ್ಡಗಳ ಮರೆಯಲ್ಲಿರುವ ರಾಮದುರ್ಗಕ್ಕೆ ಮಾತ್ರ ಎತ್ತರದ ಕಂಬ ಬೇಕಾದೀತು. ಗಂಗಾಸಾಗರ ಮೇಳದಲ್ಲಿ ಬಂಗಾಳದ ಹ್ಯಾಮ್‌ಗಳು ತಪ್ಪಿಸಿಕೊಂಡವರನ್ನು ಮನೆಯವರಿಗೆ ಸೇರಿಸುತ್ತ ಬಂದಿದ್ದಾರೆ. ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಸೇರುವ ಗುಡ್ಡದಲ್ಲಿ ಅದೇ ಸೇವೆಗೆ ಅವಕಾಶವಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಬ್ಯಾಟರಿಯಲ್ಲಿ ನಡೆಯುವ ಸೆಟ್ಟಿನ ಅಗತ್ಯವನ್ನು ವಿವರಿಸಬೇಕಿಲ್ಲ.

ಏರ್ಪಾಡಿನಲ್ಲಿ ಮೊದಲ ಕೆಲಸ ಅನುಮತಿ. ಪರವಾನಗಿಯಿರುವ ಹ್ಯಾಮ್ ಅಥವಾ ಕ್ಲಬ್ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗಕ್ಕೆ ಉದ್ದೇಶ, ಸ್ಥಳ, ದಿನಾಂಕ, ಸಲಕರಣೆಯ ವಿವರ ಕೊಟ್ಟು ವಿಶೇಷ ಕರೆಸಂಕೇತ ಕೇಳಬೇಕು. ಭಾರತಕ್ಕೆ ‘ವಿಯು’ ಅಲ್ಲದೆ ಎಟಿಯಿಂದ ಎಡಬ್ಲ್ಯುವರೆಗಿನ ಮತ್ತು 8ಟಿಯಿಂದ 8ವೈವರೆಗಿನ ಪೂರ್ವಾಕ್ಷರಗಳೂ ಇವೆ. ಅರ್ಜಿಯನ್ನು ತಿಂಗಳುಗಳ ಮುಂಚೆಯೇ ಹಾಕಬೇಕು. ಕಿತ್ತೂರಿನ ಕೋಟೆಯ ಆವರಣಕ್ಕೆ ಪುರಾತತ್ವ ಇಲಾಖೆಯ, ಗುಡ್ಡಕ್ಕೆ ದೇವಸ್ಥಾನದ ಆಡಳಿತದ ಒಪ್ಪಿಗೆ ಬೇಕು. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ 25. ರಾಜ್ಯೋತ್ಸವ ಅದರ ಮುಂದಿನ ವಾರ. ಎರಡನ್ನೂ ಕೂಡಿಸಿ 10 ದಿನಕ್ಕೆ ಒಂದೇ ಅನುಮತಿ ಕೇಳುವುದು ಜಾಣತನ.

7.1 ಮೆಗಾಹರ್ಟ್ಸ್‌ನ ಡೈಪೋಲಿಗೆ ಒಟ್ಟು 20 ಮೀಟರ್ ತಂತಿ ಬೇಕು, ನಡುವಿನಿಂದ ಅತ್ತಿತ್ತ ಹತ್ತತ್ತು ಮೀಟರ್. ಹತ್ತಿರದ ಜಿಲ್ಲೆಗಳಿಗೆ 6ರಿಂದ 8 ಮೀಟರ್ ಎತ್ತರ ಸಾಕು; ಎರಡು ಬಿದಿರಿನ ಗಳ, ನೈಲಾನ್ ಹಗ್ಗ, ತುದಿಗೆ ಇನ್ಸುಲೇಟರ್. ಕೋಟೆಯ ಗೋಡೆಗೆ ಮೊಳೆ ಹೊಡೆಯಬಾರದು, ಗಳಗಳನ್ನು ಹೊರಗೆ ನಿಲ್ಲಿಸಬೇಕು. ವಿದ್ಯುತ್ ತಂತಿಗಳಿಂದ ದೂರವಿದ್ದಷ್ಟೂ ಗದ್ದಲ ಕಡಿಮೆ, ಅಪಾಯವೂ ಕಡಿಮೆ. ಮಳೆ ಮುಗಿದು ಹಿಂಗಾರಿ ಜೋಳ ಬಿತ್ತುವ ಆ ಹೊತ್ತಿನಲ್ಲಿ ಬೈಲಹೊಂಗಲದ ಎರೆಭೂಮಿಯಲ್ಲಿ ಇನ್ನೂ ಹಸಿಯಿರುವುದರಿಂದ ಅರ್ಥಿಂಗ್ ಚೆನ್ನಾಗಿ ಸಿಗುತ್ತದೆ. ಬೇಸಗೆಯಲ್ಲಿ ಬಿರುಕುಬಿಟ್ಟ ನೆಲದಲ್ಲಿ ಅದು ಸಿಗದು. 100 ವಾಟ್ ಸೆಟ್ ಮಾತಾಡುವಾಗ 13.8 ವೋಲ್ಟಿನಲ್ಲಿ 20 ಆಂಪಿಯರಿನಷ್ಟು ಎಳೆಯುತ್ತದೆ, ಹಾಗಾಗಿ ಕರೆಂಟ್ ಹೋಗುವ ಊರಿನಲ್ಲಿ ಎರಡು ದೊಡ್ಡ ಬ್ಯಾಟರಿ ಇಟ್ಟುಕೊಳ್ಳುವುದು ಕ್ಷೇಮ.

ಹೆಚ್ಚು ತಪ್ಪಾಗುವುದು ಲಾಗ್‌ನಲ್ಲಿ. ಜಗತ್ತಿನ ಹ್ಯಾಮ್‌ಗಳು ಬರೆಯುವುದು ವಿಶ್ವಮಾನ ಸಮಯ, ಅದು ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನವೆಂಬರ್ 1 ಹುಟ್ಟಿತೆಂದು ಇಲ್ಲಿ ನಡುರಾತ್ರಿಯಲ್ಲಿ ಮಾಡಿದ ಸಂಪರ್ಕ ಲಾಗ್‌ನಲ್ಲಿ ಅಕ್ಟೋಬರ್ 31ರ 18:30. ಬೆಳಗಿನ ಐದೂವರೆಯವರೆಗೂ ದಿನಾಂಕ ಬದಲಾಗುವುದಿಲ್ಲ. ಇದನ್ನು ಮರೆತು ಬರೆದ ದಿನಾಂಕ ಎದುರಿನವರ ಲಾಗ್‌ಗೆ ತಾಳೆಯಾಗದೆ ಕಾರ್ಡ್ ವ್ಯರ್ಥವಾಗುತ್ತದೆ. ಕಾರ್ಡಿನಲ್ಲಿ ಎರಡೂ ಕರೆಸಂಕೇತ, ದಿನಾಂಕ, ಸಮಯ, ಕಂಪನಾಂಕ, ವಿಧಾನ, ವರದಿ ಇರಬೇಕು. ರಾಣಿ ಚೆನ್ನಮ್ಮನ ಚಿತ್ರದ ಜತೆಗೆ ಕಿತ್ತೂರಿನ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಇದ್ದರೆ ಒಳ್ಳೆಯದು.

ಕೊರತೆ ಇರುವುದು ಜನರದು. ಪರವಾನಗಿಯಿಲ್ಲದವರು ಕೇಂದ್ರ ನಡೆಸುವಂತಿಲ್ಲ. ಬೆಂಗಳೂರಿನಿಂದ ತಂಡ ಬಂದು ಹೋದರೆ ಊರಿನಲ್ಲಿ ಏನೂ ಉಳಿಯುವುದಿಲ್ಲ. ಪರೀಕ್ಷೆಗೆ 12 ವರ್ಷ ತುಂಬಿದರೆ ಸಾಕು. 1969ರಿಂದ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆ ಇದೆ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲಿದೆ. ಒಂದರಲ್ಲಿ ಕಲಿಯುವ ವಯಸ್ಸಿನವರಿದ್ದಾರೆ, ಇನ್ನೊಂದರಲ್ಲಿ ಕಲಿಸಬಲ್ಲವರಿದ್ದಾರೆ. ಕಿತ್ತೂರಿನ ಬಾಲಕಿಯೊಬ್ಬಳು ತನ್ನದೇ ಪರವಾನಗಿಯಿಂದ ಮೈಕ್ ಹಿಡಿದರೆ ಉತ್ಸವದ ಉದ್ದೇಶ ಅಲ್ಲಿಗೇ ಈಡೇರುತ್ತದೆ.

ಮುಂದಿನ ದಿನಗಳು ಗೊತ್ತೇ ಇವೆ. ಬೈಲಹೊಂಗಲದಲ್ಲಿ ಸಮಾಧಿಯಿರುವ ಚೆನ್ನಮ್ಮ ತೀರಿಕೊಂಡು 2029ಕ್ಕೆ 200 ವರ್ಷ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿ 2031ರ ಜನವರಿ 26ಕ್ಕೆ 200 ವರ್ಷ. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಕ್ಕೆ 75. ಪಾಠ, ಪರೀಕ್ಷೆ, ಪರವಾನಗಿ, ಕ್ಲಬ್ಬಿನ ಕರೆಸಂಕೇತ, ಎಲ್ಲವೂ ಸಮಯ ಹಿಡಿಯುವ ಕೆಲಸಗಳು. ಈ ನಾಲ್ಕು ತಾಲ್ಲೂಕುಗಳ ಶಾಲೆ, ಕಾಲೇಜುಗಳು ಮೊದಲ ತರಗತಿಯನ್ನು ಈ ವರ್ಷವೇ ತೆರೆಯಬೇಕು.